ಗೇಟು ತೆರೆಯುವ ಆ ಒಂದು ಬೆಳಗು

ನಮ್ಮ ಮನೆಯಲ್ಲಿ ವರ್ಷಕ್ಕೆ ಏಳು ಹಬ್ಬ. ಓಣಿಯವರು ಮಾಡುತ್ತಿದ್ದ ಒಂದು ಹಬ್ಬವೂ ಆ ಏಳರಲ್ಲಿ ಇರಲಿಲ್ಲ. ನಾವು ಕ್ರೈಸ್ತರು, ಅದು ಸಹಜ. ಆದರೆ ಊರಿನ ಕ್ರೈಸ್ತರು ಮಾಡುತ್ತಿದ್ದ ಹಬ್ಬಗಳೂ ಆ ಏಳರಲ್ಲಿ ಇರಲಿಲ್ಲ. ಡಿಸೆಂಬರಿನಲ್ಲಿ ನಮ್ಮ ಬಾಗಿಲಿಗೆ ಕಾಗದದ ನಕ್ಷತ್ರ ತೂಗುತ್ತಿರಲಿಲ್ಲ, ಈಸ್ಟರಿಗೆ ಹೊಸ ಲಂಗ ಬರುತ್ತಿರಲಿಲ್ಲ. ಪಸ್ಕ ಹಬ್ಬ, ಹುಳಿಯಿಲ್ಲದ ರೊಟ್ಟಿಯ ಹಬ್ಬ, ತುತೂರಿ ಊದುವ ಹಬ್ಬ, ಪರ್ಣಶಾಲೆಯ ಹಬ್ಬ ಎಂದು ಸತ್ಯವೇದದ ಹಳೆಯ ಪುಟಗಳಿಂದ ಅಪ್ಪ ಒಂದೊಂದಾಗಿ ಇಳಿಸಿಕೊಂಡು ಬಂದ ಹಬ್ಬಗಳು ನಮ್ಮವು. ಇಡೀ ಸವದತ್ತಿಯಲ್ಲಿ ಅವನ್ನು ಆಚರಿಸುತ್ತಿದ್ದ ಜನ ಒಟ್ಟು ಮೂವರು: ಅಪ್ಪ, ಅವ್ವ, ನಾನು. ಮೂವರಲ್ಲಿ ಮನಸ್ಸಿಟ್ಟು ಆಚರಿಸುತ್ತಿದ್ದವರು ಎಷ್ಟು ಎಂದು ಯಾರಾದರೂ ಕೇಳಿದರೆ ಈಗಲೂ ತಡವರಿಸುತ್ತೇನೆ.

ಮೊದಲು ಹೀಗಿರಲಿಲ್ಲ. ಅಪ್ಪ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಎತ್ತಿನ ಬಾಯಿಗೆ ಬಿದಿರಿನ ಗೊಟ್ಟ ಇಟ್ಟು ಔಷಧ ಕುಡಿಸುವುದರಲ್ಲಿ ಹೆಸರುವಾಸಿ. ಭಾನುವಾರ ಮಾತ್ರ ಬಿಳಿ ಅಂಗಿ ತೊಟ್ಟು ಚರ್ಚಿನಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ. ಒಂದು ದಿನ ದವಾಖಾನೆಗೆ ಬಂದ ಔಷಧದ ಪೆಟ್ಟಿಗೆಯಲ್ಲಿ ಬಾಟಲಿ ಒಡೆಯದಿರಲೆಂದು ತುರುಕಿದ್ದ ಇಂಗ್ಲಿಷ್ ಪತ್ರಿಕೆಯ ಹಾಳೆಯೊಂದು ಅವನ ಕೈಗೆ ಸಿಕ್ಕಿತು. ಅದರ ಮೂಲೆಯಲ್ಲಿ ಒಂದು ಚೀಟಿ: ಹೆಸರು ವಿಳಾಸ ಬರೆದು ಕಳಿಸಿದರೆ ಪುಸ್ತಕ ಪುಕ್ಕಟೆ. ಪುಕ್ಕಟೆ ಎಂದರೆ ಯಾರು ಬಿಡುತ್ತಾರೆ? ಅಪ್ಪ ಕಳಿಸಿದ. ಎರಡು ತಿಂಗಳಿಗೆ ಪರದೇಶದಿಂದ ಬಂದ ಆ ತೆಳ್ಳನೆಯ ಪುಸ್ತಕದ ವಿಷಯ ಈಸ್ಟರ್. ಈ ಹಬ್ಬದ ಹೆಸರು ಎಲ್ಲಿಂದ ಬಂತು, ತಾರೀಖು ಯಾರು ನಿಗದಿ ಮಾಡಿದರು, ತತ್ತಿಗೆ ಬಣ್ಣ ಬಳಿಯುವುದು ಯಾಕೆ, ಮೊಲ ಯಾಕೆ, ಇವುಗಳಲ್ಲಿ ಒಂದಾದರೂ ಸತ್ಯವೇದದಲ್ಲಿ ಇದೆಯೇ ಎಂದು ಪುಸ್ತಕ ಕೇಳಿತ್ತು. ಸವದತ್ತಿಯ ಯಾವ ಕ್ರೈಸ್ತರೂ ಅದುವರೆಗೆ ತತ್ತಿಗೆ ಬಣ್ಣ ಬಳಿದವರಲ್ಲ. ಮೊಲವನ್ನಂತೂ ಯಲ್ಲಮ್ಮನ ಗುಡ್ಡದ ಕುರುಚಲಿನಲ್ಲಿ ಓಡುವಾಗ ಬಿಟ್ಟರೆ ಕಂಡವರೂ ಅಲ್ಲ. ಆದರೂ ಆ ವರ್ಷ ಏಪ್ರಿಲ್ ಮುಗಿಯುವ ತನಕ ನಮ್ಮ ಮನೆಯಲ್ಲಿ ತತ್ತಿ ಬಂದ್ ಆಯಿತು.

ಅಪ್ಪನ ಪ್ರಶ್ನೆ ಹುಚ್ಚು ಪ್ರಶ್ನೆ ಆಗಿರಲಿಲ್ಲ, ಇದನ್ನು ನಾನು ಮೊದಲೇ ಹೇಳಿಬಿಡಬೇಕು. ಧಾರವಾಡದ ಬೋರ್ಡಿಂಗಿನಿಂದ ನಾನು ರಜೆಗೆ ಬಂದಿದ್ದ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಕಟ್ಟೆಯ ಮೇಲೆ ಅವನು ಪಾಸ್ಟರರನ್ನು ನಿಲ್ಲಿಸಿಕೊಂಡು ಕೇಳಿದ್ದು ನನಗೆ ನೆನಪಿದೆ. ಪಾಸ್ಟರರು ಸಾದಾ ಮನುಷ್ಯ. ಮಧ್ಯಾಹ್ನದ ಊಟಕ್ಕೆ ಯಾರದೋ ಮನೆಗೆ ಹೋಗುವ ಅವಸರದಲ್ಲಿದ್ದರು.

"ಅಯ್ಯನವರ, ಈಸ್ಟರ್ ಮಾಡ್ರಿ ಅಂತ ಯೇಸುಸ್ವಾಮಿ ಎಲ್ಲಿ ಹೇಳ್ಯಾನ? ಒಂದ್ ವಚನ ತೋರಸ್ರಿ, ಸಾಕು."

"ಸ್ವಾಮಿ ಎದ್ದದ್ದು ಖರೇ ಅಲ್ಲೇನ್ರಿ ಕಂಪೌಂಡರ್ರ?"

"ಎದ್ದದ್ದು ಖರೇ. ಅದನ್ನ ಯಾರ್ ಇಲ್ಲಂದ್ರು? ಈ ದಿನಾನ, ಈ ಹೆಸರಿಲೇನ ಮಾಡ್ರಿ ಅಂತ ಹೇಳಿದವರ್ಯಾರು ಅಂತ ಕೇಳಾಕತ್ತೇನಿ. ಪಸ್ಕಾ ಮಾಡ್ರಿ ಅಂತ ಬರದದ್ದನ್ನ ಬಿಟ್ವಿ. ಬರೀಲಾರದ್ದನ್ನ ಹಿಡದ್ವಿ."

"ನಮ್ಮ ಹಿರ್ಯಾರು ಮಾಡಕೋತ ಬಂದಾರ, ನಾವೂ ಮಾಡತೀವಿ. ಎಲ್ಲಾದಕ್ಕೂ ಹಿಂಗ ಬುಡಾ ಕೆದರಿದ್ರ ಗಿಡ ಉಳೀತೈತೇನ್ರಿ?"

ಪಾಸ್ಟರರು ಅವತ್ತು ಒಂದು ವಚನ ತೋರಿಸಿದ್ದರೆ, ಅಥವಾ ನನಗೆ ಗೊತ್ತಿಲ್ಲ ಎಂದಾದರೂ ಒಪ್ಪಿಕೊಂಡಿದ್ದರೆ, ಅಪ್ಪ ಹಾರ್ಮೋನಿಯಂ ಬಿಡುತ್ತಿರಲಿಲ್ಲವೇನೋ. ಹಿರಿಯರು ಮಾಡಿದರು ಎಂಬ ಉತ್ತರ ಅವನಿಗೆ ಆಗಿಬರುತ್ತಿರಲಿಲ್ಲ. ಅವನ ಹಿರಿಯರೇ ಹಿರಿಯರ ದಾರಿ ಬಿಟ್ಟು ಕ್ರೈಸ್ತರಾದವರು. ಮುಂದಿನ ತಿಂಗಳು ಚರ್ಚಿನ ಸಭೆಯ ಪಟ್ಟಿಯಿಂದ ಮೂರೂ ಹೆಸರು ಹೊಡೆಸಿ ಬಂದ. ಅದರ ಮುಂದಿನ ವಾರ ಧಾರವಾಡದ ಬೋರ್ಡಿಂಗಿಗೆ ಬಂದು ನನ್ನ ಟ್ರಂಕು ಎತ್ತಿಕೊಂಡ. ಮೂರು ವರ್ಷ ಆ ಬೋರ್ಡಿಂಗಿನಲ್ಲಿದ್ದೆ. ಅಲ್ಲಿ ನನಗೆ ಗೆಳತಿಯರಿದ್ದರು, ಓದಲು ಒಂದು ಕಪಾಟು ತುಂಬ ಕಥೆಪುಸ್ತಕಗಳಿದ್ದವು, ಮಲಗುವ ಮಂಚದ ಪಕ್ಕ ನನ್ನದೇ ಕಿಟಕಿ ಇತ್ತು. ಅಲ್ಲಿ ಈಸ್ಟರ್ ನಾಟಕ ಆಡಿಸುತ್ತಾರೆ ಎಂಬ ಒಂದೇ ಕಾರಣಕ್ಕೆ ಅದೆಲ್ಲ ಮುಗಿಯಿತು. ಬಸ್ಸು ಸವದತ್ತಿ ಮುಟ್ಟುವ ತನಕ ಅತ್ತೆ. ಮನೆಗೆ ಬಂದಾಗ ಅವ್ವ ಅಪ್ಪನಿಗೆ ಏನಾದರೂ ಹೇಳುತ್ತಾಳೆ, ಒಂದು ಮಾತಾದರೂ ಜಗಳ ಆಡುತ್ತಾಳೆ ಎಂದು ಕಾದೆ. ಅವಳು ನನ್ನ ತಲೆ ನೇವರಿಸಿ, "ಕೈಕಾಲ್ ತೊಳಕೊ, ರೊಟ್ಟಿ ತಿನ್ನು" ಎಂದಳು. ಅದಕ್ಕೆ ಅವಳನ್ನು ನಾನು ಬಹಳ ದಿನ ಕ್ಷಮಿಸಲಿಲ್ಲ.

ಮನೆ ಎಂದರೆ ಮಣ್ಣಿನ ಮಾಳಿಗೆಯ ಬಾಡಿಗೆ ಮನೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಅದಕ್ಕೆ ತಾಗಿ ಬಚ್ಚಲು. ಅಡುಗೆಮನೆಗೆ ಬೆಳಕು ಬೀಳುತ್ತಿದ್ದದ್ದು ಮಾಳಿಗೆಯಲ್ಲಿ ಬಿಟ್ಟ ಒಂದು ಗವಾಕ್ಷಿಯಿಂದ; ಬಿಸಿಲು ಒಲೆಯ ಹತ್ತಿರದಿಂದ ಹೊರಟು ಸಂಜೆಯ ಹೊತ್ತಿಗೆ ಬೀಸುವ ಕಲ್ಲಿನ ತನಕ ಬರುತ್ತಿತ್ತು, ಅಷ್ಟೇ ಅದರ ಪ್ರಯಾಣ. ಬೀದಿಗೆ ಇದ್ದದ್ದು ಒಂದು ಕಿಟಕಿ. ಹಬ್ಬದ ದಿನ, ಅಂದರೆ ಬೇರೆಯವರ ಹಬ್ಬದ ದಿನ, ಅಪ್ಪ ಅದನ್ನು ಹಾಕಿಬಿಡುತ್ತಿದ್ದ. ಯುಗಾದಿಗೆ ಹಾಕಿದ, ಮೊಹರಮ್ಮಿಗೆ ಹಾಕಿದ, ಕ್ರಿಸ್ಮಸ್ಸಿಗಂತೂ ಮೂರು ದಿನ ತೆಗೆಯಲಿಲ್ಲ. ಶನಿವಾರ ನಮಗೆ ಸಬ್ಬತ್, ದೇವರು ಹೇಳಿದ ವಿಶ್ರಾಂತಿಯ ದಿನ. ಒಲೆ ಹೊತ್ತಿಸುವಂತಿಲ್ಲ, ನೀರು ಸೇದುವಂತಿಲ್ಲ, ಆಟಕ್ಕೆ ಹೊರಗೆ ಹೋಗುವಂತಿಲ್ಲ. ಭಾನುವಾರ ಎಲ್ಲರಿಗೂ ರಜೆ, ಅಪ್ಪ ಮಾತ್ರ ಬೇಕೆಂದೇ ದವಾಖಾನೆಯ ಬೀಗ ತೆಗೆದು ಕೂರುತ್ತಿದ್ದ. ಶನಿವಾರ ಬಂದು ಬೀಗ ಕಂಡವರು ಭಾನುವಾರ ಬರಲು ಕಲಿತರು. ದನಕ್ಕೆ ವಾರ ಗೊತ್ತೇನು? ಸಾಲೆಯಲ್ಲಿ ನನ್ನ ಜೊತೆಯ ಹುಡುಗಿಯರು ನಮ್ಮನ್ನು ಯಾವ ಜಾತಿ ಎಂದು ಕೇಳುತ್ತಿದ್ದರು. ಕ್ರಿಶ್ಚಿಯನ್ನರು ಎಂದರೆ, ಚರ್ಚಿನವರು ನಿಮ್ಮನ್ನು ತಮ್ಮವರಲ್ಲ ಅಂತಾರಲ್ಲ ಎನ್ನುತ್ತಿದ್ದರು.

ನಗು ಬರುವ ಸಂಗತಿಗಳೂ ಇದ್ದವು, ಇಲ್ಲವೆನ್ನಲಾರೆ. ಪಸ್ಕ ಹಬ್ಬಕ್ಕೆ ತಿಂಗಳ ಲೆಕ್ಕ ಬೇಕು, ಅದು ಹೊಸ ಚಂದ್ರನಿಂದ ಶುರುವಾಗಬೇಕು. ಅಪ್ಪ ಸಂಜೆ ಮಾಳಿಗೆ ಹತ್ತಿ ಗುಡ್ಡದ ಕಡೆ ಕಣ್ಣು ಕಿರಿದು ಮಾಡಿ ನಿಲ್ಲುತ್ತಿದ್ದ. ಮೋಡ ಇದ್ದರೆ ದಾರಿ ಒಂದೇ, ಪಕ್ಕದ ಮನೆಯ ಆಚಾರ್ಯರು. ಅನ್ಯರ ದೇವತೆಯ ಹೆಸರು ಅಂಟಿದೆ ಎಂದು ಈಸ್ಟರನ್ನು ಬಿಟ್ಟವನು ತನ್ನ ಹಬ್ಬ ಯಾವತ್ತು ಎಂದು ಕೇಳಲು ಪಂಚಾಂಗದ ಮನೆಗೆ ಹೋಗಬೇಕಾಯಿತು. ಆಚಾರ್ಯರು ನಿವೃತ್ತ ಸಂಸ್ಕೃತ ಮಾಸ್ತರರು. ಮೂಗಿನ ತುದಿಗೆ ಕನ್ನಡಕ ಇಳಿಸಿ, ಬಹಳ ಪ್ರೀತಿಯಿಂದ ತಿಥಿ ನೋಡಿ ಹೇಳುತ್ತಿದ್ದರು.

"ಕಂಪೌಂಡರ್ರ, ನಿಮ್ಮ ಪಸ್ಕಾ ಅಂದ್ರ ನಮ್ಮ ದವನದ ಹುಣ್ಣಿವಿನ ಆತಲ್ಲ!"

"ಹುಣ್ಣಿವಿ ದೇವರು ಮಾಡಿದ್ದು ಆಚಾರ್ರ. ಅದರಾಗ ನಿಮ್ದು ನಮ್ದು ಅಂತ ಇಲ್ಲ."

"ಹಂಗಾದ್ರ ರವಿವಾರನೂ ದೇವರ ಮಾಡಿದ್ದು. ಅದರ ಮ್ಯಾಲ್ಯಾಕ ನಿಮಗ ಸಿಟ್ಟದ?"

ಅಪ್ಪ ಅವತ್ತು ಮನೆಗೆ ಬಂದು ಊಟ ಮಾಡದೆ ಸತ್ಯವೇದ ಹಿಡಿದು ಕುಳಿತ. ಹುಳಿಯಿಲ್ಲದ ರೊಟ್ಟಿಯ ಏಳು ದಿನ ಹಿಟ್ಟು ಹುಳಿಯೇರಿಸುವ ಹುದುಗು ಎಂಬುದು ಮನೆಯಲ್ಲಿ ಇರಬಾರದು. ನಾವು ದಿನವೂ ತಿನ್ನುವ ಜೋಳದ ರೊಟ್ಟಿಗೆ ಹುದುಗು ಎಲ್ಲಿಂದ ಬರಬೇಕು? "ವರ್ಷಪೂರ್ತಿ ನಮ್ಮದು ಅದ ಹಬ್ಬ ಐತಲ್ರಿ" ಎಂದು ಅವ್ವ ಅಂದಳು. ಏನನ್ನೂ ಹೊರಹಾಕದೆ ಹಬ್ಬ ಆಗುವುದು ಅಪ್ಪನಿಗೆ ಸರಿಕಾಣಲಿಲ್ಲ. ನೆಲುವಿನ ಮೇಲಿನ ಮೊಸರಿನ ಗಡಿಗೆ ಇಳಿಸಿ, ಹೆಪ್ಪಿನಿಂದಲೇ ಹಾಲು ಮೊಸರಾಗುವುದು, ಹಾಗಾದರೆ ಅದೂ ಹುದುಗೇ ಎಂದು ತೀರ್ಮಾನಿಸಿ ಹಿತ್ತಿಲಿಗೆ ಚೆಲ್ಲಿದ. ಆ ಹೆಪ್ಪು ಅವ್ವ ತವರಿನಿಂದ ತಂದದ್ದು. ಒಂದು ದಿನವೂ ತಪ್ಪದೆ ಹಾಲಿಗೆ ಹಾಕುತ್ತ ಉಳಿಸಿಕೊಂಡು ಬಂದದ್ದು. ಅವ್ವ ಗಡಿಗೆ ತೊಳೆದು ಬೋರಲು ಹಾಕಿದಳು. ಎಂಟನೆಯ ದಿನ ಆಚಾರ್ಯರ ಮನೆಯಿಂದ ಒಂದು ಚಮಚ ಹೆಪ್ಪು ತಂದಳು. ಶೀಗಿ ಹುಣ್ಣಿಮೆಯ ಹೊತ್ತಿಗೆ ಬಂದ ಪರ್ಣಶಾಲೆಯ ಹಬ್ಬಕ್ಕೆ ಅಪ್ಪ ಮಾಳಿಗೆಯ ಮೇಲೆ ಜೋಳದ ಕಣಿಕೆಯ ಗುಡಿಸಲು ಕಟ್ಟಿದ. ಏಳು ದಿನ ನಮ್ಮ ಊಟ, ನಿದ್ದೆ ಎಲ್ಲ ಅದರೊಳಗೆ. ಓಣಿಯವರೆಲ್ಲ ಬುತ್ತಿ ಕಟ್ಟಿಕೊಂಡು ಭೂತಾಯಿಗೆ ಚರಗ ಚೆಲ್ಲಲು ಹೊಲಕ್ಕೆ ಹೊರಟಿದ್ದರು. ಕಂಪೌಂಡರ್ರು ಹೊಲ ಇಲ್ಲಂತ ಮಾಳಿಗೆ ಮೇಲೇ ಚರಗ ಮಾಡ್ಯಾರ ಎಂದು ಕೆಳಗಿನಿಂದ ಕೂಗಿ ನಕ್ಕರು. ನಾನು ಕಣಿಕೆಯ ಸಂದಿನಿಂದ ಅವರ ಚಕ್ಕಡಿಗಳನ್ನು ನೋಡುತ್ತಿದ್ದೆ. ಹನ್ನೊಂದು ವರ್ಷದ ಹುಡುಗಿಗೆ ಅವರ ಜೊತೆ ಹೋಗುವ ಆಸೆ ಎಷ್ಟಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮನೆಯಲ್ಲಿ ನನಗೊಂದು ಹುದ್ದೆ ಇತ್ತು. ಅಪ್ಪನ ಇಂಗ್ಲಿಷ್ ಔಷಧದ ಚೀಟಿ ಓದುವಷ್ಟು; ಆ ಮೊದಲ ಪುಸ್ತಕವನ್ನು ದವಾಖಾನೆಯ ಡಾಕ್ಟರರಿಂದ ಓದಿಸಿ ಕೇಳಿದ್ದ. ತಿಂಗಳಿಗೊಂದು ಬರುತ್ತಿದ್ದ ಪುಸ್ತಕಗಳನ್ನು, ಅವನು ಕೇಳಿದ ಪ್ರಶ್ನೆಗಳಿಗೆ ಪರದೇಶದ ಕಚೇರಿಯಿಂದ ಬರುತ್ತಿದ್ದ ಟೈಪ್ ಮಾಡಿದ ಕಾಗದಗಳನ್ನು ಓದಿ ಕನ್ನಡದಲ್ಲಿ ಹೇಳುವವಳು ನಾನು. ಅವನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆಯುವವಳೂ ನಾನೇ. ಬೋರ್ಡಿಂಗಿನಲ್ಲಿ ಕಲಿತ ಇಂಗ್ಲಿಷಿಗೆ ಸವದತ್ತಿಯಲ್ಲಿ ಬೇರೆ ಉಪಯೋಗ ಇರಲಿಲ್ಲ. ಸಂಜೆ ಪಡಸಾಲೆಯಲ್ಲಿ ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂರುತ್ತಿದ್ದ, ನಾನು ಓದುತ್ತಿದ್ದೆ. ನಡುವೆ ಕಣ್ಣು ತೆರೆದು, "ಭೇಷ್, ನನ್ನ ಮಗಳ!" ಎನ್ನುತ್ತಿದ್ದ. ನನ್ನನ್ನು ಬೋರ್ಡಿಂಗಿನಿಂದ ಎತ್ತಿಕೊಂಡು ಬಂದವನೇ ಅವನು, ಆದರೂ ಆ ಭೇಷ್‌ಗೋಸ್ಕರ ದಿನವಿಡೀ ಕಾಯುತ್ತಿದ್ದೆ. ಅವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಕೇಳುತ್ತಿದ್ದಳು. ಅವಳಿಗೆ ಕನ್ನಡವೇ ಕೂಡಿಸಿ ಕೂಡಿಸಿ ಓದಲು ಬರುತ್ತಿದ್ದದ್ದು.

ಈಗ ನನ್ನ ತಮ್ಮನ ವಿಷಯ ಹೇಳಬೇಕು. ಸಮುವೇಲ, ನಾವು ಕರೆಯುತ್ತಿದ್ದದ್ದು ಸಮ್ಮು. ನಾನು ಬೋರ್ಡಿಂಗಿಗೆ ಹೋಗುವ ಹಿಂದಿನ ವರ್ಷ ಹುಟ್ಟಿದ, ಒಂಬತ್ತು ತಿಂಗಳು ಇದ್ದ, ಮೂರು ದಿನದ ವಾಂತಿಭೇದಿಯಲ್ಲಿ ಹೋದ. ಅವನನ್ನು ಊರಹೊರಗಿನ ಕ್ರೈಸ್ತರ ಸ್ಮಶಾನದಲ್ಲಿ, ಮಕ್ಕಳ ಸಾಲಿನಲ್ಲಿ ಮಣ್ಣು ಮಾಡಿದರು. ಕಲ್ಲು ಹಾಕಿಸಲಿಲ್ಲ, ಮಕ್ಕಳಿಗೆ ಯಾರೂ ಹಾಕಿಸುತ್ತಿರಲಿಲ್ಲ. ಅಲ್ಲಿಯದು ಎರೆಮಣ್ಣು. ಬೇಸಿಗೆಗೆ ಬಾಯಿ ಬಿಡುತ್ತದೆ, ಮಳೆಗೆ ಕುಸಿಯುತ್ತದೆ. ಕಲ್ಲಿಲ್ಲದ ದಿಬ್ಬ ಉಳಿಯಬೇಕೆಂದರೆ ವರ್ಷಕ್ಕೊಮ್ಮೆಯಾದರೂ ಮಣ್ಣು ಏರಿಸಿ, ಸಾರಿಸಿ, ಸುಣ್ಣ ಬಳಿಯಬೇಕು. ಅದಕ್ಕೆ ದಿನ ಎಂದರೆ ಈಸ್ಟರ್ ಬೆಳಗು. ಸಭೆಯವರೆಲ್ಲ ನಸುಕಿನಲ್ಲೇ ಹಾಡುತ್ತ, ಡೋಲಕ್ ಬಾರಿಸುತ್ತ ಸ್ಮಶಾನಕ್ಕೆ ಹೋಗುತ್ತಿದ್ದರು. ಬಕೇಟಿನಲ್ಲಿ ಸುಣ್ಣ, ಸೆರಗಿನಲ್ಲಿ ಸೇವಂತಿಗೆ. ಸೂರ್ಯ ಹುಟ್ಟುವ ಹೊತ್ತಿಗೆ ಪಾಸ್ಟರರು ನಡುವೆ ನಿಂತು ಪ್ರಾರ್ಥನೆ ಮಾಡುವಾಗ ಎಲ್ಲ ಗೋರಿಗಳೂ ಬೆಳ್ಳಗಿರುತ್ತಿದ್ದವು. ಉಳಿದ ದಿನ ದನ ಮೇಯಬಾರದು, ಕಸ ಸುರಿಯಬಾರದು ಎಂದು ಗೇಟಿಗೆ ಬೀಗ. ಕೀಲಿ ಸಭೆಯ ಹಿರಿಯರ ಹತ್ತಿರ. ಹೆಸರು ಹೊಡೆಸಿಕೊಂಡು ಹೋದವರ ಮನೆಗೆ ಆ ಹಿರಿಯರು ಕೀಲಿ ಕೊಡುತ್ತಿರಲಿಲ್ಲ. ಅವ್ವ ಒಮ್ಮೆ ಕೇಳಲು ಹೋಗಿ ಬರಿಗೈಲಿ ಬಂದಿದ್ದಳು. ಒಟ್ಟಿನಲ್ಲಿ, ಯಾರನ್ನೂ ಕೇಳದೆ ಒಳಗೆ ಹೋಗಬಹುದಾದದ್ದು ವರ್ಷದಲ್ಲಿ ಅದೊಂದೇ ಬೆಳಗು. ಆ ಬೆಳಗನ್ನೇ ಅಪ್ಪ ನಮ್ಮ ಮನೆಯಿಂದ ತೆಗೆದುಹಾಕಿದ್ದ.

ಹೊಸ ವರ್ಷ ಕಳೆದು, ಈಸ್ಟರಿಗೆ ಮೂರು ತಿಂಗಳು ಇರುವಾಗ, ಅವ್ವ ಒಂದು ಸಂಜೆ ಓದು ಮುಗಿಯುವ ತನಕ ಕಾದು ಬಾಯಿ ಬಿಟ್ಟಳು. ಅವಳು ಅಪ್ಪನನ್ನು ಏನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಏನ್ರಿ, ನಾ ಹಬ್ಬಾ ಮಾಡಂಗಿಲ್ಲ. ಹಾಡಂಗಿಲ್ಲ, ಪ್ರಾರ್ಥನಾಕ್ಕ ನಿಂದ್ರಂಗಿಲ್ಲ. ಸಮ್ಮೂಗ ಒಂದೀಟ ಮಣ್ಣ ಏರಿಸಿ, ಸುಣ್ಣಾ ಹಚ್ಚಿ ಬರತೇನಿ. ಹೋಗಲ್ಯಾ?"

ನನ್ನ ಅಪ್ಪ ಕ್ರೂರಿಯಲ್ಲ. ಸಮ್ಮು ಹೋದಾಗ ದನದ ದವಾಖಾನೆಯ ಹಿಂದೆ ಕುಳಿತು ಅವನು ಅತ್ತದ್ದನ್ನು ಕಂಡವರು ಇದ್ದಾರೆ.

"ಹೋಗಬ್ಯಾಡ ಅನ್ನಾಕ ನಾ ಯಾರ? ಹೋಗಂತ ಹೇಳಾಕ ತಾನ ನಾ ಯಾರ? ನನಗ ತಿಳೀದು. ತಿಳದವರನ್ನ ಕೇಳೂಣು. ಲೀಲಾ, ಕಾಗದಾ ತಗೊ."

ಅವನು ಹೇಳುತ್ತ ಹೋದ, ನಾನು ಬರೆದೆ. ಮಗು ಸತ್ತದ್ದು, ಗೇಟಿನ ಬೀಗ, ಎರೆಮಣ್ಣು, ಎಲ್ಲವನ್ನೂ ಬರೆಸಿದ. ಅವ್ವ ಹೊಸ್ತಿಲಿನಿಂದ ಎದ್ದು ಬಂದು ನನ್ನ ಪಕ್ಕ ಕುಳಿತು ಅಕ್ಷರ ಮೂಡುವುದನ್ನು ನೋಡಿದಳು. "ಸುಣ್ಣದ್ದೂ ಬರದಿಯಿಲ್ಲ?" ಎಂದು ಎರಡು ಸಲ ಕೇಳಿದಳು.

ಉತ್ತರ ಬಂದದ್ದು ಈಸ್ಟರಿಗೆ ಹತ್ತು ದಿನ ಇರುವಾಗ. ಅವ್ವ ಅದಾಗಲೇ ಹಿತ್ತಿಲಿನಲ್ಲಿ ಹಳೆಯ ಗಡಿಗೆಯಲ್ಲಿ ಸುಣ್ಣದ ಹರಳು ನೆನೆಹಾಕಿದ್ದಳು. ಪೋಸ್ಟ್‌ಮನ್ ಕಾಗದ ಕೊಟ್ಟಾಗ ಅಪ್ಪ ದವಾಖಾನೆಯಲ್ಲಿ, ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕಟ್ಟೆಯ ಮೇಲೆ ನಿಂತು ಓದಿದೆ. ಎರಡು ಪುಟ. ಸತ್ಯವೇದ ಆ ದಿನವನ್ನು ಆಚರಿಸಲು ಹೇಳಿಲ್ಲ ಎಂಬ ನಮ್ಮ ನಂಬಿಕೆ ಬದಲಾಗುವುದಿಲ್ಲ, ಎಂದು ಶುರುವಾಗಿತ್ತು. ಆದರೆ ತಾಯಿಯೊಬ್ಬಳು ತನ್ನ ಮಗುವಿನ ಗೋರಿಯ ಬಳಿ ಹೋಗಿ ಕೂರಬಾರದು ಎಂದು ಅದು ಎಲ್ಲಿಯೂ, ಯಾವ ದಿನಕ್ಕೂ ಹೇಳಿಲ್ಲ. ಬಾಗಿಲು ತೆರೆಯುವುದು ಅದೊಂದೇ ಬೆಳಗು ಎಂದಾದರೆ ಆಕೆ ಆ ಬೆಳಗು ಹೋಗಲಿ. ಸಹೋದರರೇ, ನೀವೂ ಆಕೆಯ ಜೊತೆ ಹೋಗಿರಿ. ಹೀಗೆ ಬರೆದಿದ್ದರು. ಕೆಳಗೆ ಯಾರದೋ ನೀಲಿ ಶಾಯಿಯ ಸಹಿ.

ಸಂಜೆ ಅಪ್ಪ ಕೈಕಾಲು ತೊಳೆದು ಬಂದು ಗೋಡೆಗೆ ಒರಗಿದ. ಅವ್ವ ಒದ್ದೆ ಕೈ ಸೆರಗಿಗೆ ಒರೆಸುತ್ತ ಹೊಸ್ತಿಲಿಗೆ ಬಂದಳು. ನಾನು ಕಾಗದ ಬಿಡಿಸಿದೆ. ಅವಳ ಮುಖ ನೋಡಿದೆ, ಅಷ್ಟು ಆಸೆ ತುಂಬಿದ ಮುಖವನ್ನು ಅದುವರೆಗೆ ನೋಡಿರಲಿಲ್ಲ. ಬಸ್ಸಿಳಿದು ಟ್ರಂಕಿನ ಪಕ್ಕ ನಿಂತ ನನಗೋಸ್ಕರ ಈ ಮುಖ ಒಂದು ಮಾತೂ ಆಡಲಿಲ್ಲವಲ್ಲ ಎಂದು ನೆನಪಾಯಿತು. ನನಗಿಲ್ಲದ ಬಾಗಿಲು ಇವಳಿಗೆ ಯಾಕೆ ತೆರೆಯಬೇಕು?

"ಹೋಗಬಾರದಂತ ಬರದಾರ," ಎಂದೆ.

"ಅಷ್ಟನ?" ಅವ್ವ ಕೇಳಿದಳು. "ಎರಡ್ ಹಾಳಿ ಐತಲ್ಲ?"

ಆಗ ನಾನು ಉಳಿದದ್ದನ್ನೂ ಓದಿದೆ. ಸತ್ತವರು ನಿದ್ರಿಸುತ್ತಾರೆ, ಅವರಿಗೆ ಏನೂ ತಿಳಿಯದು. ಅನ್ಯರ ಹಬ್ಬದ ದಿನ ಅನ್ಯರ ಜೊತೆ ಹೆಜ್ಜೆ ಹಾಕಿದವರು ಅವರಲ್ಲೊಬ್ಬರಾಗುತ್ತಾರೆ. ಹಿಂದೆ ತಿರುಗಿ ನೋಡಬೇಡಿ. ಒಂದು ವರ್ಷ ಆ ಪುಸ್ತಕಗಳನ್ನು ಓದಿದವಳಿಗೆ ಅವರ ಧಾಟಿ ಬಾಯಿಗೆ ಬಂದುಬಿಟ್ಟಿತ್ತು. ಒಂದೇ ಒಂದು ಸಲವೂ ತೊದಲದೆ ಎರಡು ಪುಟ ಮುಗಿಸಿದೆ. ಅಪ್ಪ ಕಣ್ಣು ತೆರೆಯಲಿಲ್ಲ, ಭೇಷ್ ಎನ್ನಲಿಲ್ಲ. "ಕೇಳಿದಿಲ್ಲ," ಎಂದ ಅವ್ವನಿಗೆ, ಬಹಳ ಮೆತ್ತಗೆ. ಅವ್ವ ಎದ್ದು ಒಲೆಯ ಕಡೆ ಹೋದಳು. ಹೆದರಿ ಹಾಗೆ ಓದಿದೆ, ಸಣ್ಣವಳು ತಿಳಿಯಲಿಲ್ಲ, ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅದು ಸೇಡು, ಅದಕ್ಕೆ ಬೇರೆ ಹೆಸರಿಲ್ಲ. ಮರುದಿನ ಆ ಕಾಗದವನ್ನು ಬಚ್ಚಲ ಒಲೆಗೆ ಹಾಕಿದೆ.

ಈಸ್ಟರ್ ಬೆಳಗು ಕಿಟಕಿ ಹಾಕಿತ್ತು. ಚರ್ಚಿನಿಂದ ಸ್ಮಶಾನಕ್ಕೆ ಹೋಗುವ ದಾರಿ ನಮ್ಮ ಓಣಿಯ ಮೇಲೆಯೇ ಹಾಯ್ದು ಹೋಗುತ್ತದೆ. ಮೊದಲು ಡೋಲಕ್ ಕೇಳಿಸಿತು, ಆಮೇಲೆ ಹಾಡು, ಆಮೇಲೆ ಚಪ್ಪಲಿಗಳ ಸಪ್ಪಳ. ಬಾಗಿಲ ಹತ್ತಿರ ಬಂದಾಗ ಯಾರೋ ಹೆಂಗಸು ಅವ್ವನ ಹೆಸರು ಹಿಡಿದು, "ಕಮಲಾಬಾಯಿ, ಬರ್ತೀಯೇನವಾ?" ಎಂದು ಕೂಗಿದಳು. ಅಪ್ಪ ಪಡಸಾಲೆಯಲ್ಲಿ ಸತ್ಯವೇದ ಹಿಡಿದು ಕುಳಿತಿದ್ದ, ಪುಟ ತಿರುವುತ್ತಿರಲಿಲ್ಲ. ನಾನು ಒಳಗೆ ಹೋದೆ. ಅವ್ವ ನೆನೆಸಿದ ಸುಣ್ಣದ ಗಡಿಗೆಯನ್ನು ಹಿತ್ತಿಲಿನಿಂದ ತಂದು ಅಡುಗೆಮನೆಯ ಗೋಡೆಗೆ ಬಳಿಯುತ್ತಿದ್ದಳು. ಒಲೆಯ ಹಿಂದಿನ ಮಸಿಯ ಮೇಲೆ ಒಂದು ಸಲ, ಎರಡು ಸಲ, ಮೂರು ಸಲ. ಹಾಡು ದೂರ ಹೋಗಿ ಕೇಳಿಸದಾದ ಮೇಲೂ ಅವಳು ಬಳಿಯುತ್ತಲೇ ಇದ್ದಳು. ಈಗಲೇ ಹೇಳಿಬಿಡಬೇಕು ಎಂದುಕೊಂಡೆ. ಹೇಳಿದರೆ ಅಪ್ಪ ನನ್ನಿಂದ ಮತ್ತೆಂದೂ ಓದಿಸುವುದಿಲ್ಲ ಎನ್ನಿಸಿತು. ಇನ್ನೊಂದು ಕುಂಚ ತೆಗೆದುಕೊಂಡು ಬಚ್ಚಲ ಗೋಡೆಗೆ ಹಚ್ಚತೊಡಗಿದೆ.

ಆಮೇಲಿನ ಪ್ರತಿ ವರ್ಷವೂ ಅವ್ವ ಆ ಬೆಳಗು ಅಡುಗೆಮನೆಗೆ ಸುಣ್ಣ ಬಳಿದಳು. ಕಂಪೌಂಡರ್ ಹೆಂಡತಿ ಮನೆ ಎಷ್ಟು ಸ್ವಚ್ಛ ಇಟ್ಟಿದ್ದಾಳೆ ಎಂದು ಓಣಿಯವರು ಹೊಗಳುತ್ತಿದ್ದರು. ಸುಳ್ಳನ್ನು ಹೇಳಿದ ಮೊದಲ ವರ್ಷ ಬಿಚ್ಚುವುದು ಸುಲಭ, ಮೂರನೆಯ ವರ್ಷ ಕಷ್ಟ, ಹತ್ತನೆಯ ವರ್ಷಕ್ಕೆ ಅದು ಮನೆಯ ತೊಲೆಯ ಹಾಗೆ ಆಗಿಬಿಡುತ್ತದೆ. ತೆಗೆದರೆ ಮಾಳಿಗೆ ಕುಸಿಯುತ್ತದೆ ಎಂಬ ಭಯ. ನಾನು ಸಾಲೆ ಮುಗಿಸಿದೆ, ಟೀಚರ್ ಕೆಲಸ ಹಿಡಿದೆ, ಮದುವೆಯಾಗಿ ಬೈಲಹೊಂಗಲಕ್ಕೆ ಬಂದೆ. ಎಲ್ಲಿಗೆ ಹೋದರೂ ಆ ಪಡಸಾಲೆ ನನ್ನ ಜೊತೆ ಬಂತು. ಅವ್ವನ ಚಿಕ್ಕವ್ವ ತೀರಿಕೊಂಡಾಗ ಸಭೆಯವರು ಹಳೆಯದನ್ನೆಲ್ಲ ಬಿಟ್ಟು ನಮಗೂ ಹೇಳಿಕಳಿಸಿದರು. ಮಣ್ಣಿಗೆ ಹೋದೆವು. ಗೇಟು ತೆರೆದಿತ್ತು. ಪೆಟ್ಟಿಗೆ ಇಳಿಸುವಾಗ ಅವ್ವ ಮೆಲ್ಲಗೆ ಮಕ್ಕಳ ಸಾಲಿನ ಕಡೆ ಹೋದಳು, ನಾನೂ ಹಿಂದೆ ಹೋದೆ. ಸಾಲು ಎಂಬುದೇ ಇರಲಿಲ್ಲ. ಬಿರಿದ ಎರೆನೆಲ, ಒಣಗಿದ ಹುಲ್ಲು. ಅವ್ವ ಒಂದು ಕಡೆ ನಿಂತಳು, ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತಳು.

"ಇಲ್ಲೇನ ಲೀಲಾ? ಅಲ್ಲಿ, ಬೇವಿನ ಗಿಡದ ಬಾಜೂಕ ಇತ್ತೇನ?"

ನನಗೆ ಗೊತ್ತಿರಲಿಲ್ಲ. ಅವ್ವ ಕೈಯಲ್ಲಿದ್ದ ಹೂವನ್ನು ಎರಡು ಪಾಲು ಮಾಡಿ ಒಂದನ್ನು ಇಲ್ಲಿ, ಒಂದನ್ನು ಅಲ್ಲಿ ಇಟ್ಟಳು.

ಈಗ ಅಪ್ಪ, ಅವ್ವ ಇಬ್ಬರೂ ಬೈಲಹೊಂಗಲದಲ್ಲಿ ನನ್ನ ಜೊತೆಯೇ ಇದ್ದಾರೆ. ಅಪ್ಪನಿಗೆ ಕಣ್ಣು ಮಂಜಾಗಿದೆ, ಕಾಲು ಸೋತಿದೆ, ಏಳು ಹಬ್ಬ ಮಾತ್ರ ಬಿಟ್ಟಿಲ್ಲ. ಅಮಾವಾಸ್ಯೆ ಎಂದು ಬರುತ್ತದೆ ಎಂದು ನನ್ನ ಮಗಳ ಮೊಬೈಲಿನಲ್ಲಿ ಕೇಳಿ ತಿಳಿಯುತ್ತಾನೆ. ಕಿಟಕಿ ಹಾಕುವಷ್ಟು ಹಟ ಈಗ ಉಳಿದಿಲ್ಲ. ಪುಸ್ತಕಗಳು ಬರುವುದು ನಿಂತು ಎಷ್ಟೋ ಕಾಲ ಆಯಿತು; ಹಳೆಯವನ್ನೇ ನಾನು ಮಧ್ಯಾಹ್ನ ಮತ್ತೆ ಮತ್ತೆ ಓದಿ ಹೇಳುತ್ತೇನೆ. ಕಳೆದ ವರ್ಷ ಹುಳಿಯಿಲ್ಲದ ರೊಟ್ಟಿಯ ವಾರದಲ್ಲಿ ನಾನು, ಅವ್ವ ಹಿತ್ತಿಲ ಬಾಗಿಲಲ್ಲಿ ಮೆಂತ್ಯದ ಪಲ್ಲೆ ಬಿಡಿಸುತ್ತ ಕುಳಿತಿದ್ದೆವು. ಅವ್ವ ಯಾಕೋ ಬೇವಿನ ಗಿಡದ ಮಾತು ತೆಗೆದಳು. ಅದು ಆಗಿನ್ನೂ ಸಣ್ಣದಿತ್ತಲ್ಲ, ಹಾಗಾದರೆ ಸಮ್ಮು ಅದರ ಈಚೆಗಿರಬೇಕು ಎಂದು ತನ್ನಷ್ಟಕ್ಕೇ ಲೆಕ್ಕ ಹಾಕತೊಡಗಿದಳು. ನನಗೆ ತಡೆಯಲಾಗಲಿಲ್ಲ. ತಲೆ ಎತ್ತದೆ, ಸೊಪ್ಪು ಬಿಡಿಸುತ್ತಲೇ ಎಲ್ಲ ಹೇಳಿದೆ. ಕಾಗದದಲ್ಲಿ ಇದ್ದದ್ದು ನಾನು ಅವತ್ತು ಓದಿದ್ದಲ್ಲ, ಬೇರೆ ಎಂದೆ.

ಅವ್ವ ಅಳಲಿಲ್ಲ, ಬೈಯಲಿಲ್ಲ. ಇಷ್ಟನ್ನೇ ಕೇಳಿದಳು.

"ಏನಂತ ಬರದಿತ್ತು? ಇದ್ದಂಗ ಹೇಳು."

ಒಂದು ಮಾತೂ ಮರೆತಿರಲಿಲ್ಲ. ಮೊದಲ ಸಾಲಿನಿಂದ ಹೇಳುತ್ತ ಬಂದೆ. ಕೊನೆಗೆ, ನೀವೂ ಆಕೆಯ ಜೊತೆ ಹೋಗಿರಿ ಎಂಬಲ್ಲಿ ನಿಲ್ಲಿಸಿದೆ.

"ಜೋಡೀಲೆ ಹೋಗ್ರಿ ಅಂತ ಬರದಿದ್ರ?"

"ಹೂಂ."

"ಬರತಿದ್ರು," ಎಂದಳು ಅವ್ವ. ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಕೆಳಗೆ ಇಟ್ಟಳು. "ಕಾಗದದಾಗ ಐತಿ ಅಂದಿದ್ರ ನಿಮ್ಮಪ್ಪಾರು ಬರತಿದ್ರು. ಸುಣ್ಣದ ಬಕೇಟು ತಾವ ಹಿಡಕೊಂಡ ಬರತಿದ್ರು. ವರ್ಷಾ ವರ್ಷಾ ಬರತಿದ್ರು."

ಒಳಗಿನಿಂದ ಅಪ್ಪನ ದನಿ ಬಂತು. ನಿದ್ದೆ ಮುಗಿದಿತ್ತು, ಓದಿನ ಹೊತ್ತಾಗಿತ್ತು.

"ಲೀಲಾ, ಬರ್ತೀಯೇನವಾ?"

ಅಪ್ಪನಿಗೂ ಹೇಳಿಬಿಡುತ್ತೇನೆ ಅವ್ವಾ, ಇವತ್ತೇ ಹೇಳುತ್ತೇನೆ ಎಂದು ನಾನು ಏಳಹೋದೆ. ಅವ್ವ ನನ್ನ ಮೊಣಕೈ ಹಿಡಿದಳು. ಆ ವಯಸ್ಸಿನ ಕೈಗೆ ಅಷ್ಟು ಬಲ ಇದೆ ಎಂದು ನನಗೆ ಗೊತ್ತಿರಲಿಲ್ಲ.

"ಹೇಳಬ್ಯಾಡ. ಹೇಳಿದಿ ಅಂದ್ರ ಇವತ್ತ ಕೋಲ್ ಹಿಡದ ಹೊಂಟ ನಿಂದರತಾರ. ಎಲ್ಲಿಗೆ ಕರಕೊಂಡ ಹೋಗ್ತಿ?"

ಅಪ್ಪ ಇನ್ನೊಮ್ಮೆ ಕರೆದ. ನಾನು ಕೈ ಒರೆಸಿಕೊಂಡು ಓದಲು ಒಳಗೆ ಹೋದೆ.